ಹೋಳಿಗೆಯ ತುಪ್ಪ ಹೋದದ್ದೆಲ್ಲಿ?

ಆರತಕ್ಷತೆಯ ಊಟದ ಪಂಕ್ತಿ. ಎಲೆಯ ಮೇಲೆ ಬಿಸಿ ಹೋಳಿಗೆ ಬೀಳುತ್ತದೆ. ಅದರ ಬೆನ್ನಿಗೇ ತುಪ್ಪದ ಮಿಳ್ಳೆ ಹಿಡಿದವರು ಬರುತ್ತಾರೆ. 'ಸಾಕು, ಸಾಕು' ಎಂದು ಕೈ ಅಡ್ಡ ಹಿಡಿಯುವಷ್ಟರಲ್ಲಿ ಎರಡನೆಯ ಮಿಳ್ಳೆಯೂ ಬಿದ್ದಿರುತ್ತದೆ. ಮರುದಿನ ಬೆಳಿಗ್ಗೆ ಅದೇ ಪಂಕ್ತಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ವೈದ್ಯರ ಚೀಟಿ ಹಿಡಿದು ರಕ್ತ ಪರೀಕ್ಷೆಗೆ ಹೋಗುತ್ತಾರೆ. 'ರಾತ್ರಿ ಊಟ ಎಷ್ಟು ಹೊತ್ತಿಗೆ ಆಯಿತು? ಬೆಳಿಗ್ಗೆ ಏನಾದರೂ ತಗೊಂಡಿದ್ದೀರಾ?' ಎಂದು ಅಲ್ಲಿನವರು ಕೇಳುತ್ತಾರೆ. 'ಒಂದು ಲೋಟ ಕಾಫಿ ಬಿಟ್ಟರೆ ಏನೂ ಇಲ್ಲ' ಎಂದು ಹಿರಿಯರ ಉತ್ತರ. 'ಹಾಗಾದರೆ ನಾಳೆ ಬನ್ನಿ. ನೀರು ಬಿಟ್ಟು ಬೇರೇನೂ ಕುಡಿಯಬೇಡಿ' ಎಂಬ ಮಾತು ಕೇಳಿ ಅವರು ಗೊಣಗುತ್ತ ಹಿಂದಿರುಗುತ್ತಾರೆ.

ಊರೂರಲ್ಲೂ ನಡೆಯುವ ಪ್ರಸಂಗವಿದು. ಹಿರಿಯರ ಗೊಣಗಾಟದಲ್ಲಿ ಒಂದು ಒಳ್ಳೆಯ ಪ್ರಶ್ನೆಯೂ ಅಡಗಿದೆ. ನಿನ್ನೆ ರಾತ್ರಿ ತಿಂದ ತುಪ್ಪಕ್ಕೂ ಇಂದು ಬೆಳಗಿನ ರಕ್ತಕ್ಕೂ ಏನು ಸಂಬಂಧ? ತಿಂದದ್ದು ಅಷ್ಟು ಹೊತ್ತಿಗೆ ಜೀರ್ಣವಾಗಿ ಹೋಗಿರಬೇಕಲ್ಲವೆ?

'ಕೊಬ್ಬು ಸಣ್ಣ ಕರುಳಿನಲ್ಲಿ ಜೀರ್ಣವಾಗಿ ಹೀರಲ್ಪಡುತ್ತದೆ' ಎಂದು ಶಾಲೆಯ ಪುಸ್ತಕ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಆ ಸಾಲಿನಲ್ಲಿ ತಪ್ಪೇನಿಲ್ಲ. ಆದರೆ 'ಹೀರುವುದು' ಎಂದಾಗ ಮಕ್ಕಳ ಕಣ್ಣ ಮುಂದೆ ಬರುವುದು ನೀರು ಹೀರುವ ಬಟ್ಟೆ. ಕರುಳಿನ ಜೀವಕೋಶ ಹಾಗೆ ಕೆಲಸ ಮಾಡುವುದಿಲ್ಲ. ಅದು ಕೊಬ್ಬಿನ ಕಣಗಳನ್ನು ಬಿಡಿಬಿಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಒಳಗೆ ಮತ್ತೆ ಜೋಡಿಸುತ್ತದೆ, ಒಂದಷ್ಟನ್ನು ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ, ಸಮಯ ನೋಡಿ ಹೊರಗೆ ಕಳುಹಿಸುತ್ತದೆ. ಈ ಕೂಡಿಡುವ ಕೆಲಸದ ವಿವರ ಸ್ಪಷ್ಟವಾಗಿರುವುದು ಕಳೆದ ಕೆಲವು ದಶಕಗಳಲ್ಲಿ.

ಎಣ್ಣೆ-ನೀರಿನ ಜಗಳ

ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲ. ಕೊಬ್ಬಿನ ಜೀರ್ಣದ ಮೊದಲ ಕಷ್ಟವೇ ಅದು. ಜೀರ್ಣರಸಗಳೆಲ್ಲ ನೀರಿನಲ್ಲಿ ಕರಗಿರುವಂಥವು. ಸಕ್ಕರೆ, ಉಪ್ಪು ನೀರಿನಲ್ಲಿ ಕರಗಿ ರಸಗಳ ಕೈಗೆ ಸುಲಭವಾಗಿ ಸಿಗುತ್ತವೆ. ತುಪ್ಪವಾದರೋ ದೊಡ್ಡ ಹನಿಯಾಗಿ ತೇಲುತ್ತದೆ. ರಸಕ್ಕೆ ಸಿಗುವುದು ಆ ಹನಿಯ ಮೇಲ್ಮೈ ಮಾತ್ರ.

ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಎರಡು ಸಣ್ಣ ಸೀಸೆಗಳಲ್ಲಿ ಅರ್ಧ ನೀರು ತುಂಬಿ, ಒಂದೊಂದು ಚಮಚ ಅಡುಗೆ ಎಣ್ಣೆ ಹಾಕಿ. ಒಂದಕ್ಕೆ ಪಾತ್ರೆ ತೊಳೆಯುವ ಸಾಬೂನಿನ ನಾಲ್ಕು ಹನಿ ಸೇರಿಸಿ. ಬಿರಡೆ ಹಾಕಿ ಎರಡನ್ನೂ ಚೆನ್ನಾಗಿ ಕುಲುಕಿ ಇಡಿ. ಬರೀ ನೀರಿನ ಸೀಸೆಯಲ್ಲಿ ಎಣ್ಣೆ ಸ್ವಲ್ಪ ಹೊತ್ತಿನಲ್ಲೇ ಮೇಲೆ ಬಂದು ಪದರವಾಗುತ್ತದೆ. ಸಾಬೂನಿನ ಸೀಸೆಯಲ್ಲಿ ಅದು ಹಾಲಿನಂತೆ ಬೆಳ್ಳಗಾಗಿ ಬಹಳ ಹೊತ್ತು ಹಾಗೆಯೇ ಉಳಿಯುತ್ತದೆ. ಸಾಬೂನು ಎಣ್ಣೆಯನ್ನು ಸಣ್ಣ ಹನಿಗಳಾಗಿ ಹಿಡಿದಿಟ್ಟು, ಅವು ಮತ್ತೆ ಒಂದಾಗದಂತೆ ತಡೆದಿದೆ.

ಕರುಳಿನಲ್ಲಿ ಈ ಸಾಬೂನಿನ ಕೆಲಸ ಮಾಡುವುದು ಪಿತ್ತರಸ. ಅದು ಯಕೃತ್ತಿನಲ್ಲಿ ತಯಾರಾಗಿ ಪಿತ್ತಕೋಶದಲ್ಲಿ ಸಂಗ್ರಹವಾಗಿರುತ್ತದೆ. ಕೊಬ್ಬಿನ ಊಟ ಜಠರ ದಾಟಿ ಸಣ್ಣ ಕರುಳಿಗೆ ಇಳಿದಾಗ ಪಿತ್ತಕೋಶ ಹಿಂಡಿಕೊಂಡು ರಸ ಸುರಿಸುತ್ತದೆ. ಪಿತ್ತರಸದಲ್ಲಿ ಜೀರ್ಣಿಸುವ ಕಿಣ್ವ ಯಾವುದೂ ಇಲ್ಲ ಎಂಬುದನ್ನು ಪರೀಕ್ಷೆಗೆ ಓದುವವರು ನೆನಪಿಡಬೇಕು. ಅದರ ಲವಣಗಳು ಹನಿಯನ್ನು ಒಡೆದು ಒಡೆದು ಸಣ್ಣದು ಮಾಡಲು ನೆರವಾಗುತ್ತವೆ, ಅಷ್ಟೆ. ಆದರೆ 'ಅಷ್ಟೆ' ಎನ್ನುವ ಕೆಲಸ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿ ನೋಡಬಹುದು. ಐದು ಗ್ರಾಂ ತುಪ್ಪ ಒಂದೇ ಗೋಲಿಯಾಗಿದ್ದರೆ ಅದರ ವ್ಯಾಸ ಸುಮಾರು 2.2 ಸೆಂಟಿಮೀಟರ್, ಮೇಲ್ಮೈ ಸುಮಾರು 15 ಚದರ ಸೆಂಟಿಮೀಟರ್. ಅಷ್ಟೇ ತುಪ್ಪವನ್ನು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ, ವ್ಯಾಸದ ಹನಿಗಳಾಗಿ ಒಡೆದರೆ ಒಟ್ಟು ಮೇಲ್ಮೈ ಸುಮಾರು 33 ಚದರ ಮೀಟರ್! ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು. ಕಿಣ್ವಕ್ಕೆ ಕೆಲಸ ಮಾಡಲು ಅಷ್ಟು ಜಾಗ ಸಿಕ್ಕಂತಾಯಿತು.

ಕಿಣ್ವ ಬರುವುದು ಮುಖ್ಯವಾಗಿ ಮೇದೋಜೀರಕ ಗ್ರಂಥಿಯಿಂದ. ಅದರ ಹೆಸರು ಲೈಪೇಸ್. ಊಟದ ಕೊಬ್ಬಿನ ಬಹುಪಾಲು ಟ್ರೈಗ್ಲಿಸರೈಡ್ ಎಂಬ ರೂಪದಲ್ಲಿರುತ್ತದೆ. ಮೂರು ಬಾಲವಿರುವ ಗಾಳಿಪಟವನ್ನು ಕಲ್ಪಿಸಿಕೊಳ್ಳಿ. ಪಟವೇ ಗ್ಲಿಸರಾಲ್, ಬಾಲಗಳೇ ಮೇದಾಮ್ಲಗಳು. ಲೈಪೇಸ್ ಎರಡು ಪಕ್ಕದ ಬಾಲಗಳನ್ನು ಕತ್ತರಿಸಿ, ನಡುವಿನದನ್ನು ಹಾಗೆಯೇ ಬಿಡುತ್ತದೆ. ಈ ಮೂರು ತುಂಡುಗಳನ್ನು ಪಿತ್ತಲವಣಗಳು ಸುತ್ತುವರಿದು ಮೈಸೆಲ್ ಎಂಬ ಅತಿ ಸಣ್ಣ ಗುಳಿಗೆಗಳನ್ನಾಗಿ ಮಾಡುತ್ತವೆ. ಒಂದು ಮೈಸೆಲ್‌ನ ಅಗಲ ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ. ನೀರಿನಲ್ಲಿ ತೇಲಿಕೊಂಡು ಅದು ಕರುಳಿನ ಗೋಡೆ ಮುಟ್ಟುತ್ತದೆ.

ಕಳಚಿ ಒಳಗೆ, ಕೂಡಿಸಿ ಹೊರಗೆ

ಸಣ್ಣ ಕರುಳಿನ ಒಳಗೋಡೆ ನುಣುಪಾಗಿಲ್ಲ. ಅದರ ತುಂಬ ಒಂದು ಮಿಲಿಮೀಟರಿಗೂ ಕಡಿಮೆ ಎತ್ತರದ ಬೆರಳಿನಾಕಾರದ ವಿಲ್ಲೈಗಳಿವೆ. ಪ್ರತಿ ವಿಲ್ಲೈನ ಮೇಲೆ ಒಂದು ಸಾಲು ಜೀವಕೋಶಗಳು. ಪ್ರತಿ ಕೋಶದ ನೆತ್ತಿಯ ಮೇಲೆ ಬ್ರಷ್ಷಿನ ಎಳೆಗಳಂತೆ ಸೂಕ್ಷ್ಮ ವಿಲ್ಲೈಗಳು. ಕರುಳನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಣದಷ್ಟಾಗುತ್ತದೆ ಎಂದು ಹಲವು ಪುಸ್ತಕಗಳಲ್ಲಿದೆ. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳತೆ ಮಾಡಿ, ಇಡೀ ಜೀರ್ಣನಾಳದ ಒಳ ವಿಸ್ತಾರ ಸುಮಾರು 32 ಚದರ ಮೀಟರ್, ಅಂದರೆ ಬ್ಯಾಡ್ಮಿಂಟನ್ ಅಂಗಣದ ಅರ್ಧದಷ್ಟು ಎಂದು ತೋರಿಸಿದರು. ಅದರಲ್ಲಿ ಬಹುಪಾಲು ಸಣ್ಣ ಕರುಳಿನದೇ. ಟೆನಿಸ್ ಅಂಗಣ ಹೋದರೂ ಒಂದು ಒಳ್ಳೆಯ ಕೋಣೆಗಿಂತ ದೊಡ್ಡ ಜಾಗ ಉಳಿದಿದೆ!

ಮೈಸೆಲ್ ಈ ಗೋಡೆಯ ಬಳಿ ಬಂದು ತನ್ನ ಸರಕನ್ನು ಇಳಿಸುತ್ತದೆ. ಮೇದಾಮ್ಲಗಳೂ ಉಳಿದ ತುಂಡೂ ಕೋಶದ ಪೊರೆ ದಾಟಿ ಒಳಗೆ ಹೋಗುತ್ತವೆ. ಪಿತ್ತಲವಣಗಳು ಹೊರಗೇ ಉಳಿದು ಸಣ್ಣ ಕರುಳಿನ ಕೊನೆಯವರೆಗೆ ಸಾಗುತ್ತವೆ. ಅಲ್ಲಿ ಅವುಗಳಲ್ಲಿ ಸುಮಾರು ಶೇಕಡ 95ರಷ್ಟು ಮತ್ತೆ ರಕ್ತ ಸೇರಿ ಯಕೃತ್ತಿಗೆ ಹಿಂದಿರುಗುತ್ತವೆ. ಸರಕು ಇಳಿಸಿದ ಬಂಡಿ ಮತ್ತೆ ಮಂಡಿಗೆ ಹೋದಂತೆ.

ಕೋಶದ ಒಳಗೆ ನಡೆಯುವುದು ವಿಚಿತ್ರ. ಹೊರಗೆ ಅಷ್ಟು ಕಷ್ಟಪಟ್ಟು ಕತ್ತರಿಸಿದ ಬಾಲಗಳನ್ನು ಕೋಶ ಮತ್ತೆ ಪಟಕ್ಕೆ ಅಂಟಿಸುತ್ತದೆ. ಟ್ರೈಗ್ಲಿಸರೈಡ್ ಮತ್ತೆ ಟ್ರೈಗ್ಲಿಸರೈಡೇ ಆಗುತ್ತದೆ. ಯಾಕೆ ಈ ಎರಡು ಕೆಲಸ? ಬಿಡಿ ಮೇದಾಮ್ಲ ಸಾಬೂನಿನ ಗುಣವುಳ್ಳದ್ದು. ಹೆಚ್ಚಾಗಿ ಉಳಿದರೆ ಕೋಶದ ಪೊರೆಗಳನ್ನೇ ಕೆಡಿಸಬಲ್ಲದು. ಟ್ರೈಗ್ಲಿಸರೈಡಿನ ರೂಪದಲ್ಲಿ ಅದು ನಿರಪಾಯ. ದೊಡ್ಡ ಪೆಟ್ಟಿಗೆ ಸಣ್ಣ ಬಾಗಿಲಿನಲ್ಲಿ ಹೋಗದಿದ್ದರೆ ಬಡಗಿ ಅದನ್ನು ಕಳಚಿ ಒಳಗೆ ಒಯ್ದು ಮತ್ತೆ ಜೋಡಿಸುವುದಿಲ್ಲವೆ? ಹಾಗೆ.

ಈಗ ಸರಕನ್ನು ದೇಹಕ್ಕೆ ಕಳುಹಿಸಬೇಕು. ರಕ್ತವೂ ನೀರಿನಂಥದೇ ಆದ್ದರಿಂದ ಬರೀ ಎಣ್ಣೆ ಅಲ್ಲಿ ಸಾಗದು. ಕೋಶ ಟ್ರೈಗ್ಲಿಸರೈಡನ್ನು ಒಳಗಿಟ್ಟು, ಸುತ್ತ ಪ್ರೋಟೀನು ಮತ್ತು ಫಾಸ್ಫೊಲಿಪಿಡ್‌ಗಳ ತೆಳು ಹೊದಿಕೆ ಹಾಕಿ ಒಂದು ಮೂಟೆ ಕಟ್ಟುತ್ತದೆ. ಆ ಮೂಟೆಯ ಹೆಸರು ಕೈಲೊಮೈಕ್ರಾನ್. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸೈಮನ್ ಹೆನ್ರಿ ಗೇಜ್ 1920ರಲ್ಲಿ ಈ ಹೆಸರನ್ನು ಬಳಸಿದರು. ಊಟದ ನಂತರ ತೆಗೆದ ರಕ್ತದ ಹನಿಯನ್ನು ಕಪ್ಪು ಹಿನ್ನೆಲೆಯ ಸೂಕ್ಷ್ಮದರ್ಶಕದಲ್ಲಿಟ್ಟಾಗ ಹೊಳೆಯುವ ಸಣ್ಣ ಸಣ್ಣ ಚುಕ್ಕೆಗಳು ಅವರಿಗೆ ಕಂಡಿದ್ದವು.

ಮೂಟೆ ಕಟ್ಟುವ ಮುಖ್ಯ ಪ್ರೋಟೀನು ಅಪೊ ಬಿ-48. ಯಕೃತ್ತು ಇದೇ ಜೀನಿನಿಂದ ಅಪೊ ಬಿ-100 ಎಂಬ ಪೂರ್ತಿ ಉದ್ದದ ಪ್ರೋಟೀನು ಮಾಡುತ್ತದೆ. ಕರುಳಿನ ಕೋಶ ಸಂದೇಶದಲ್ಲಿ ಒಂದೇ ಅಕ್ಷರ ಬದಲಿಸಿ, ಶೇಕಡ 48ರಷ್ಟು ಉದ್ದಕ್ಕೇ ನಿಲ್ಲಿಸಿಬಿಡುತ್ತದೆ. ಒಂದೇ ಅಚ್ಚಿನಿಂದ ಎರಡು ಅಂಗಗಳು ಎರಡು ಅಳತೆಯ ಸಾಮಾನು ತಯಾರಿಸುವ ಈ ಜಾಣತನ 1987ರಲ್ಲಿ ಬೆಳಕಿಗೆ ಬಂತು.

ಹಾಲಿನ ಬಣ್ಣದ ನಾಳಗಳು

ಕೈಲೊಮೈಕ್ರಾನ್ ನೇರವಾಗಿ ರಕ್ತನಾಳ ಸೇರುವುದಿಲ್ಲ. ವಿಲ್ಲೈನ ಒಳಗಿರುವ ಲೋಮನಾಳಗಳ ಗೋಡೆಯ ಸಂದುಗಳಿಗೆ ಅದು ದಪ್ಪ. ಆದ್ದರಿಂದ ವಿಲ್ಲೈನ ನಡುವಿನ ಇನ್ನೊಂದು ನಾಳವನ್ನು ಹಿಡಿಯುತ್ತದೆ. ಅದೇ ದುಗ್ಧನಾಳ. ದುಗ್ಧ ಎಂದರೆ ಹಾಲು. ಪಾಠದ ಪುಸ್ತಕದಲ್ಲಿ 'ದುಗ್ಧರಸ' ಎಂದು ಓದುವಾಗ, ಹಾಲಿಗೂ ಇದಕ್ಕೂ ಏನು ನಂಟು ಎಂದು ಕೇಳಿದ ವಿದ್ಯಾರ್ಥಿಗಳು ಕಡಿಮೆಯೇ ಇರಬೇಕು. ಉತ್ತರ ಸುಮಾರು ನಾನೂರು ವರ್ಷಗಳ ಹಿಂದಿನ ಇಟಲಿಯಲ್ಲಿದೆ.

1622ರ ಜುಲೈ 23ರಂದು ಗಾಸ್ಪಾರೆ ಅಸೆಲ್ಲಿ ಎಂಬ ಅಂಗರಚನಾ ಪಂಡಿತ ಒಂದು ನಾಯಿಯ ಹೊಟ್ಟೆಯನ್ನು ತೆರೆದು ನೋಡುತ್ತಿದ್ದ. ಪ್ರಾಣಿಗಳನ್ನು ಜೀವಂತವಾಗಿಯೇ ಕೊಯ್ಯುವುದು ಆ ಕಾಲದ ಕ್ರೂರ ರೂಢಿ. ಕರುಳನ್ನು ಹಿಡಿದಿರುವ ತೆಳುಪೊರೆಯ ತುಂಬ ಬಿಳಿಯ ದಾರಗಳು ಹರಡಿದ್ದವು. ನರಗಳಿರಬೇಕೆಂದುಕೊಂಡು ಒಂದನ್ನು ಕತ್ತರಿಸಿದ. ಹಾಲಿನಂಥ ರಸ ಹೊರಬಂತು! ಇನ್ನೊಂದು ನಾಯಿಯಲ್ಲಿ ನೋಡಿದರೆ ಅಂಥ ದಾರಗಳೇ ಇಲ್ಲ. ಮೊದಲನೆಯ ನಾಯಿ ಹೊಟ್ಟೆತುಂಬ ಉಂಡಿತ್ತು, ಎರಡನೆಯದು ಉಪವಾಸವಿತ್ತು ಎಂಬುದು ಅವನಿಗೆ ಹೊಳೆಯಿತು. ಊಟ ಹಾಕಿ ನೋಡಿದಾಗ ಬಿಳಿಯ ನಾಳಗಳು ಮತ್ತೆ ಕಂಡವು. ಅವಕ್ಕೆ ಹಾಲಿನ ನಾಳಗಳೆಂದೇ ಹೆಸರಿಟ್ಟ. ಅಸೆಲ್ಲಿ 1625ರಲ್ಲಿ ತೀರಿಕೊಂಡ. ಅವನ ಗ್ರಂಥ ಪ್ರಕಟವಾದದ್ದು 1627ರಲ್ಲಿ.

ಆ ನಾಳಗಳು ಯಕೃತ್ತಿಗೆ ಹೋಗುತ್ತವೆಂದು ಅವನು ತಿಳಿದಿದ್ದ. ಅದು ತಪ್ಪೆಂದು ತೋರಿಸಿದವನು ಫ್ರಾನ್ಸಿನ ಜಾನ್ ಪೆಕೆ. 1651ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು, ಹಾಲಿನ ರಸ ಎದೆಗೂಡಿನೊಳಗೆ ಬೆನ್ನೆಲುಬಿನ ಬದಿಯ ಒಂದು ದೊಡ್ಡ ನಾಳದಲ್ಲಿ ಮೇಲೇರಿ ಕುತ್ತಿಗೆಯ ಬುಡದ ಹತ್ತಿರದ ಅಭಿಧಮನಿಗೆ ಸೇರುವುದನ್ನು ವಿವರಿಸಿದ. ಹೋಳಿಗೆಯ ತುಪ್ಪ ರಕ್ತ ಸೇರುವುದು ಹೀಗೆ, ಹೊಟ್ಟೆಯಲ್ಲಲ್ಲ, ಎಡ ಕುತ್ತಿಗೆಯ ಬುಡದಲ್ಲಿ!

1840ರ ದಶಕದಲ್ಲಿ ಫ್ರಾನ್ಸಿನವರೇ ಆದ ಕ್ಲೋಡ್ ಬರ್ನಾರ್ಡ್ ಮೊಲಗಳಲ್ಲಿ ಒಂದು ಸಂಗತಿ ಗಮನಿಸಿದರು. ಮೊಲದಲ್ಲಿ ಪಿತ್ತನಾಳ ಕರುಳಿಗೆ ಮೇಲುಗಡೆ ಸೇರುತ್ತದೆ, ಮೇದೋಜೀರಕ ನಾಳ ಬಹಳ ಕೆಳಗೆ ಸೇರುತ್ತದೆ. ಕೊಬ್ಬು ತಿನ್ನಿಸಿದ ಮೊಲದಲ್ಲಿ ಬಿಳಿಯ ನಾಳಗಳು ಶುರುವಾಗುವುದು ಈ ಎರಡನೆಯ ಜಾಗದಿಂದ ಕೆಳಗೆ. ಕೊಬ್ಬಿನ ಜೀರ್ಣಕ್ಕೆ ಮೇದೋಜೀರಕ ರಸ ಬೇಕೇ ಬೇಕು ಎಂಬುದಕ್ಕೆ ಪ್ರಕೃತಿಯೇ ಏರ್ಪಡಿಸಿದ ಪ್ರಯೋಗ ಅದು.

ಎಲ್ಲ ಕೊಬ್ಬೂ ಈ ಸುತ್ತು ದಾರಿ ಹಿಡಿಯುವುದಿಲ್ಲ. ಬಾಲ ಗಿಡ್ಡವಾಗಿರುವ ಮೇದಾಮ್ಲಗಳು ಕೋಶದಿಂದ ನೇರ ರಕ್ತಕ್ಕೆ ಇಳಿದು ಯಕೃತ್ತಿಗೆ ಹೋಗುತ್ತವೆ. ಬೆಣ್ಣೆ, ತೆಂಗಿನೆಣ್ಣೆಗಳಲ್ಲಿ ಇಂಥವು ಸ್ವಲ್ಪ ಇವೆ. ಆದರೆ ಇದನ್ನೇ ನೆಪ ಮಾಡಿ 'ತೆಂಗಿನೆಣ್ಣೆ ಎಷ್ಟು ತಿಂದರೂ ಕೊಬ್ಬಲ್ಲ' ಎನ್ನುವಂತಿಲ್ಲ. ಅದರ ಮೇದಾಮ್ಲಗಳಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಬಹಳಷ್ಟು ಭಾಗ ಮೂಟೆಯ ದಾರಿಯನ್ನೇ ಹಿಡಿಯುತ್ತದೆ.

ಕೋಶದೊಳಗಿನ ಕಣಜ

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ಊಟವಾದ ಮೂರು ನಾಲ್ಕು ಗಂಟೆಗಳಲ್ಲಿ ರಕ್ತದ ಟ್ರೈಗ್ಲಿಸರೈಡ್ ಏರಿ, ಮುಂದಿನ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಅಲ್ಲಿಗೆ ಆ ಊಟದ ಕೊಬ್ಬು ಮುಗಿಯಿತೆಂದು ತಿಳಿಯಬಹುದಿತ್ತು. ಆದರೆ ಒಂದು ಒಗಟು ಕಾಡುತ್ತಿತ್ತು. ಎರಡನೆಯ ಊಟ ಮಾಡಿದ ಸ್ವಲ್ಪ ಹೊತ್ತಿಗೇ, ಆ ಊಟದ ಕೊಬ್ಬು ಜೀರ್ಣವಾಗಿರಲು ಸಾಧ್ಯವೇ ಇಲ್ಲದ ಹೊತ್ತಿನಲ್ಲಿ, ರಕ್ತದಲ್ಲಿ ಕೊಬ್ಬು ಥಟ್ಟನೆ ಏರುತ್ತದೆ. ಇದು ಎಲ್ಲಿಂದ ಬಂತು?

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಸಂಶೋಧಕರು 1996ರಲ್ಲಿ ಒಂದು ಸರಳ ಉಪಾಯದಿಂದ ಉತ್ತರ ಕೊಟ್ಟರು. ಮೊದಲ ಊಟದಲ್ಲಿ ಒಂದು ಬಗೆಯ ಮೇದಾಮ್ಲ, ಎರಡನೆಯದರಲ್ಲಿ ಇನ್ನೊಂದು ಬಗೆಯದು. ಎರಡನೆಯ ಊಟದ ನಂತರ ಥಟ್ಟನೆ ಏರಿದ ಕೊಬ್ಬನ್ನು ಪರೀಕ್ಷಿಸಿದರೆ ಅದು ಮೊದಲ ಊಟದ್ದು! ಹಳೆಯ ಕೊಬ್ಬು ಎಲ್ಲೋ ಕಾದು ಕುಳಿತಿದ್ದು ಹೊಸ ಊಟ ಬಂದೊಡನೆ ಹೊರಟಿತ್ತು.

ಎಲ್ಲಿ ಕಾದಿತ್ತು? ಜಠರದಲ್ಲೋ, ಕರುಳಿನ ಪೊಳ್ಳಿನಲ್ಲೋ, ಕೋಶದ ಒಳಗೋ? 2003ರಲ್ಲಿ ಆಕ್ಸ್‌ಫರ್ಡ್‌ನಿಂದಲೇ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಆರೋಗ್ಯವಂತ ಸ್ವಯಂಸೇವಕರು ಕೊಬ್ಬಿನ ಆಹಾರ ಸೇವಿಸಿ ಐದು ಗಂಟೆ ಕಳೆದ ಮೇಲೆ ಕೆಲವರಿಗೆ ಗ್ಲೂಕೋಸ್ ನೀರು, ಕೆಲವರಿಗೆ ಬರೀ ನೀರು. ಆಮೇಲೆ ಎಂಡೋಸ್ಕೋಪಿನಿಂದ ಕರುಳಿನ ಚೂರು ತೆಗೆದು ನೋಡಲಾಯಿತು. ಬರೀ ನೀರು ಕುಡಿದವರ ಕರುಳಿನ ಕೋಶಗಳಲ್ಲಿ ಐದು ಗಂಟೆಯ ನಂತರವೂ ಕೊಬ್ಬಿನ ಹನಿಗಳು ಉಳಿದಿದ್ದವು. ಗ್ಲೂಕೋಸ್ ಕುಡಿದವರಲ್ಲಿ ಅವು ಕಡಿಮೆಯಾಗಿದ್ದವು, ಅವರ ರಕ್ತದಲ್ಲಿ ಕೈಲೊಮೈಕ್ರಾನ್ ಕೊಬ್ಬು ಏರಿತ್ತು. ಗ್ಲೂಕೋಸಿನಲ್ಲಿ ಒಂದು ಹನಿ ಕೊಬ್ಬೂ ಇಲ್ಲ ಎಂಬುದನ್ನು ಗಮನಿಸಬೇಕು. ಸಿಹಿ ಬಂದದ್ದೇ ಕಣಜದ ಬಾಗಿಲು ತೆರೆಯಲು ಸಾಕಾಯಿತು.

ಈಗಿನ ತಿಳಿವಳಿಕೆ ಹೀಗಿದೆ. ಕೊಬ್ಬು ಭರದಿಂದ ಬಂದಾಗ ಕರುಳಿನ ಕೋಶ ಎಲ್ಲವನ್ನೂ ಒಮ್ಮೆಗೇ ಮೂಟೆ ಕಟ್ಟಲಾರದು. ಕೆಲವನ್ನು ಕೈಲೊಮೈಕ್ರಾನ್ ಮಾಡಿ ಕಳುಹಿಸುತ್ತದೆ. ಉಳಿದದ್ದನ್ನು ಕೋಶದ್ರವ್ಯದಲ್ಲಿ ಹನಿಗಳಾಗಿ ಕೂಡಿಡುತ್ತದೆ. ಪ್ರತಿ ಹನಿಗೂ ಒಂದು ಪದರದ ಹೊದಿಕೆ, ಅದರ ಮೇಲೆ ಕಾವಲಿಗೆ ಪೆರಿಲಿಪಿನ್ ಎಂಬ ಜಾತಿಯ ಪ್ರೋಟೀನುಗಳು. ಬೇಕಾದಾಗ ಹನಿಯನ್ನು ಮತ್ತೆ ಕರಗಿಸಿ, ತುಂಡು ಮಾಡಿ, ಜೋಡಿಸಿ, ಮೂಟೆ ಕಟ್ಟಲಾಗುತ್ತದೆ. ಕರುಳೇ ಸುರಿಸುವ ಜಿಎಲ್‌ಪಿ-2 ಎಂಬ ಹಾರ್ಮೋನು ಸಹ ಈ ದಾಸ್ತಾನನ್ನು ಹೊರಡಿಸುತ್ತದೆ. ರಕ್ತಕ್ಕೆ ಕೊಬ್ಬು ಪ್ರವಾಹದಂತೆ ನುಗ್ಗದೆ ಮಿತವಾಗಿ ಹರಿಯಲು ಈ ಏರ್ಪಾಡು ನೆರವಾಗುತ್ತದೆ. ಕೆರೆಯ ನೀರನ್ನು ತೂಬಿನಿಂದ ಗದ್ದೆಗೆ ಬಿಟ್ಟಂತೆ.

ಈ ಕಣಜ ಕೆಲಕಾಲದ್ದು. ಕರುಳಿನ ಕೋಶದ ಆಯುಸ್ಸೇ ಮೂರರಿಂದ ಐದು ದಿನ. ವಿಲ್ಲೈನ ಬುಡದಲ್ಲಿ ಹುಟ್ಟಿ, ತುದಿಗೆ ಏರಿ, ಉದುರಿಹೋಗುತ್ತದೆ. ಸೊಂಟದ ಸುತ್ತ ವರ್ಷಗಟ್ಟಲೆ ಕೂರುವ ಕೊಬ್ಬಿಗೂ ಇದಕ್ಕೂ ಅಷ್ಟು ವ್ಯತ್ಯಾಸ.

ಬಾಗಿಲು ತೆರೆಯದಿದ್ದರೆ

ಈ ಏರ್ಪಾಡು ಎಷ್ಟು ಮುಖ್ಯವೆಂದು ಗೊತ್ತಾಗುವುದು ಅದು ಕೆಟ್ಟಾಗ. 1950ರಲ್ಲಿ ನ್ಯೂಯಾರ್ಕಿನ ಬಾಸನ್ ಮತ್ತು ಕಾರ್ನ್‌ಜ್ವೈಗ್ ಎಂಬ ವೈದ್ಯರು ದೃಷ್ಟಿ ಕೆಡುತ್ತಿದ್ದ ಯುವತಿಯೊಬ್ಬಳ ರಕ್ತದ ಕೆಂಪು ಕಣಗಳು ಮುಳ್ಳುಮುಳ್ಳಾಗಿರುವುದನ್ನು ವರದಿ ಮಾಡಿದರು. ಇಂಥವರ ಕರುಳಿನ ಕೋಶ ಕೊಬ್ಬನ್ನು ಒಳಗೆ ತೆಗೆದುಕೊಳ್ಳುತ್ತದೆ, ಮೂಟೆ ಕಟ್ಟಲಾರದು. ಕೊಬ್ಬನ್ನು ಅಪೊ ಬಿಗೆ ತುಂಬಿಕೊಡುವ ಎಂಟಿಪಿ ಎಂಬ ಪ್ರೋಟೀನು ಅವರಲ್ಲಿ ಕೆಲಸ ಮಾಡುವುದಿಲ್ಲ ಎಂದು 1992ರಲ್ಲಿ ತಿಳಿಯಿತು. ಇನ್ನೊಂದು ಕಾಯಿಲೆಯನ್ನು 1961ರಲ್ಲಿ ಷಾರ್ಲೆಟ್ ಆ್ಯಂಡರ್ಸನ್ ವಿವರಿಸಿದರು. ಅದರಲ್ಲಿ ಮೂಟೆ ತಯಾರಾಗುತ್ತದೆ, ಕೋಶದಿಂದ ಹೊರಡುವುದಿಲ್ಲ. ಸಾಗಣೆಯ ಚೀಲ ರೂಪಿಸಲು ಬೇಕಾದ ಪ್ರೋಟೀನಿನ ಜೀನು ಕೆಟ್ಟಿರುವುದು ಇದಕ್ಕೆ ಕಾರಣವೆಂದು 2003ರಲ್ಲಿ ಪತ್ತೆಯಾಯಿತು.

ಇವು ಬಹಳ ಅಪರೂಪದ ಕಾಯಿಲೆಗಳು. ಆದರೆ ಅವು ಕಲಿಸಿದ ಪಾಠ ದೊಡ್ಡದು. ಆ ಮಕ್ಕಳ ಕರುಳು ಕೊಬ್ಬಿನಿಂದ ತುಂಬಿ ಬಿಳಿಚಿಕೊಂಡಿರುತ್ತದೆ, ದೇಹ ಮಾತ್ರ ಕೊಬ್ಬಿಲ್ಲದೆ ಸೊರಗುತ್ತದೆ. ಕಣಜದ ತುಂಬ ಧಾನ್ಯ, ಮನೆಯಲ್ಲಿ ಉಪವಾಸ! ಕೊಬ್ಬಿನೊಡನೆಯೇ ಪಯಣಿಸುವ ಎ, ಡಿ, ಇ, ಕೆ ಜೀವಸತ್ವಗಳೂ ಅಲ್ಲೇ ಸಿಕ್ಕಿಬೀಳುತ್ತವೆ. ಇ ಜೀವಸತ್ವ ಸಿಗದೆ ನರಗಳೂ ಕಣ್ಣಿನ ಅಕ್ಷಿಪಟಲವೂ ಕೆಡುತ್ತವೆ. ಬೇಗ ಗುರುತಿಸಿ, ಕೊಬ್ಬು ಕಡಿಮೆ ಮಾಡಿ, ಈ ಜೀವಸತ್ವಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಬಹಳಷ್ಟು ಹಾನಿಯನ್ನು ತಡೆಯಬಹುದು.

ಇವುಗಳಿಗಿಂತ ಹೆಚ್ಚಾಗಿ ಕಾಣುವ ತೊಂದರೆಗಳೂ ಉಂಟು. ಗೋಧಿಯ ಗ್ಲೂಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಮೇದೋಜೀರಕ ಗ್ರಂಥಿ ಸೊರಗಿದರೆ ಲೈಪೇಸ್ ಸಾಲುವುದಿಲ್ಲ. ಮಗು ಚೆನ್ನಾಗಿ ತಿಂದರೂ ಮೈಗೆ ಹತ್ತದೆ, ಮಲ ಜಿಡ್ಡುಜಿಡ್ಡಾಗಿ, ಬಹಳ ದುರ್ವಾಸನೆಯಿಂದ ಕೂಡಿ ದಿನಗಟ್ಟಲೆ ಹಾಗೆಯೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಹಸುಗೂಸಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕಾಮಾಲೆ ಎರಡು ವಾರ ಕಳೆದರೂ ಇಳಿಯದೆ ಮಲ ಸುಣ್ಣದಂತೆ ಬಿಳಿಚಿದ್ದರೆ ಪಿತ್ತರಸ ಕರುಳಿಗೆ ಬರುತ್ತಿಲ್ಲವೆಂದು ಅರ್ಥವಿರಬಹುದು. ಪಿತ್ತನಾಳ ಮುಚ್ಚಿಹೋಗಿದ್ದರೆ ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆದಷ್ಟೂ ಒಳ್ಳೆಯದು. 'ತಾನಾಗಿ ಹೋಗುತ್ತದೆ, ನೋಡೋಣ' ಎಂದು ಕಾಯುವ ಸಂದರ್ಭ ಇದಲ್ಲ.

ಒಗ್ಗರಣೆಯ ಲೆಕ್ಕ

ಕೊಬ್ಬು ಎಂದೊಡನೆ ಹೆದರುವವರಿದ್ದಾರೆ. ಹೆದರಿಕೆ ಪೂರ್ತಿ ಸುಳ್ಳಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೊ ಕ್ಯಾಲರಿ ಶಕ್ತಿ, ಹಿಟ್ಟು ಸಕ್ಕರೆಗಳಲ್ಲಿ 4. ಮಾಮೂಲಿ ಊಟದ ಕೊಬ್ಬಿನಲ್ಲಿ ಸುಮಾರು ಶೇಕಡ 95ನ್ನು ದೊಡ್ಡವರ ಕರುಳು ಬಿಡದೆ ಒಳಗೆ ಸೇರಿಸಿಕೊಳ್ಳುತ್ತದೆ. 'ಜಾಸ್ತಿಯಾದದ್ದು ಹೊರಗೆ ಹೋಗುತ್ತದೆ' ಎಂಬ ಸಮಾಧಾನಕ್ಕೆ ಆಧಾರವಿಲ್ಲ. ದೊಡ್ಡವರು ತಮಗೆ ಬೇಕಾದ ಒಟ್ಟು ಶಕ್ತಿಯಲ್ಲಿ ಶೇಕಡ 30ಕ್ಕಿಂತ ಹೆಚ್ಚನ್ನು ಕೊಬ್ಬಿನಿಂದ ಪಡೆಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ದಿನಕ್ಕೆ 2000 ಕಿಲೊ ಕ್ಯಾಲರಿ ಬೇಕಾದವರಿಗೆ ಇದು ಸುಮಾರು 67 ಗ್ರಾಂ. ಬಾಣಲೆಯ ಎಣ್ಣೆಯಷ್ಟೇ ಅಲ್ಲದೆ ಹಾಲು, ಕಡಲೆಕಾಯಿ, ತೆಂಗಿನಕಾಯಿಗಳಲ್ಲಿ ಅಡಗಿರುವ ಕೊಬ್ಬೂ ಇದರೊಳಗೇ ಬರಬೇಕು.

ಆದರೆ ಕೊಬ್ಬನ್ನು ಪೂರ್ತಿ ಬಿಟ್ಟರೆ ಬೇರೆ ನಷ್ಟ. ತಾಯಿಯ ಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕೊಬ್ಬಿನಿಂದಲೇ ಬರುತ್ತದೆ. ಎಳೆಯ ಮಗುವಿನ ಮಿದುಳು ಬೆಳೆಯಲು ಅದು ಬೇಕು. ದೊಡ್ಡವರು ತೂಕ ಇಳಿಸಲು ಮಾಡುವ ಪಥ್ಯವನ್ನು ಎರಡು ವರ್ಷದೊಳಗಿನ ಮಗುವಿನ ತಟ್ಟೆಗೆ ತರಬಾರದು.

ಇನ್ನೊಂದು ಪ್ರಯೋಗ. ತುರಿದ ಗಜ್ಜರಿಯನ್ನು ಒಂದು ಬಟ್ಟಲು ಬಿಸಿನೀರಿಗೂ ಒಂದು ಚಮಚ ಬಿಸಿ ಎಣ್ಣೆಗೂ ಹಾಕಿ ನೋಡಬಹುದು. ಒಲೆಯ ಕೆಲಸ ಅಮ್ಮನೋ ಅಪ್ಪನೋ ಮಾಡಲಿ. ಎಣ್ಣೆ ಚೆನ್ನಾಗಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ನೀರು ಅಷ್ಟು ತಿರುಗುವುದಿಲ್ಲ. ಆ ಬಣ್ಣವೇ ಕೆರೋಟಿನ್. ದೇಹ ಅದನ್ನು ಎ ಜೀವಸತ್ವವಾಗಿ ಬದಲಿಸಿಕೊಳ್ಳುತ್ತದೆ. ಅದು ಎಣ್ಣೆಯಲ್ಲಿ ಕರಗುವಂಥದು. ಆದ್ದರಿಂದ ಮೈಸೆಲ್ ಎಂಬ ಬಂಡಿ, ಕೈಲೊಮೈಕ್ರಾನ್ ಎಂಬ ಮೂಟೆ ಎರಡೂ ಇದ್ದರೆ ಮಾತ್ರ ಅದರ ಪಯಣ. ಸೊಪ್ಪಿನ ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಡುವ ರೂಢಿಯಲ್ಲಿ ರುಚಿಯ ಜೊತೆಗೆ ಈ ಲಾಭವೂ ಇದೆ. ಎ ಜೀವಸತ್ವದ ಕೊರತೆಯಿಂದ ಮಕ್ಕಳು ಕುರುಡಾಗುವುದನ್ನು ತಡೆಯಲು ಭಾರತದಲ್ಲಿ 1970ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ಮಕ್ಕಳ ಬಾಯಿಗೆ ಹಾಕುವ ದ್ರಾವಣವೂ ಎಣ್ಣೆಯಲ್ಲಿ ಕರಗಿಸಿದ್ದೇ.

ಹಾಗಾದರೆ ಪರೀಕ್ಷೆಗೆ ಹೋಗಿ ಗೊಣಗುತ್ತ ಹಿಂದಿರುಗಿದ ಹಿರಿಯರಿಗೆ ಉತ್ತರ ಸಿಕ್ಕಂತಾಯಿತು. ರಾತ್ರಿಯ ತುಪ್ಪದಲ್ಲಿ ಸ್ವಲ್ಪ ಪಾಲು ಬೆಳಗಿನವರೆಗೂ ಕರುಳಿನ ಕೋಶಗಳಲ್ಲಿ ತಂಗಿರಬಹುದು. ಸಕ್ಕರೆ ಹಾಕಿದ ಕಾಫಿ ರಕ್ತದ ಸಕ್ಕರೆಯನ್ನು ಏರಿಸುವುದಲ್ಲದೆ ಆ ದಾಸ್ತಾನಿಗೂ 'ಹೊರಡು' ಎಂದು ಹೇಳಿರಬಹುದು. ಈಚಿನ ವರ್ಷಗಳಲ್ಲಿ, ಮುಖ್ಯವಾಗಿ 2016ರಲ್ಲಿ ಯುರೋಪಿನ ತಜ್ಞರು ಒಮ್ಮತದ ಹೇಳಿಕೆ ಕೊಟ್ಟ ಮೇಲೆ, ಕೊಲೆಸ್ಟರಾಲ್ ನೋಡಲು ಎಲ್ಲರಿಗೂ ಉಪವಾಸ ಕಡ್ಡಾಯವಲ್ಲ ಎಂಬ ಅಭಿಪ್ರಾಯ ಬೆಳೆದಿದೆ. ಟ್ರೈಗ್ಲಿಸರೈಡ್ ಬಹಳ ಹೆಚ್ಚು ಕಂಡರೆ ಉಪವಾಸದಲ್ಲಿ ಮತ್ತೊಮ್ಮೆ ನೋಡುತ್ತಾರೆ. ಆದ್ದರಿಂದ ಉಪವಾಸ ಬೇಕೆ ಬೇಡವೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಬೇಕು ಎಂದರೆ ಹತ್ತು ಹನ್ನೆರಡು ಗಂಟೆ ನೀರು ಮಾತ್ರ. ಹಿಂದಿನ ರಾತ್ರಿ ಮದುವೆ ಊಟವಿದ್ದರೆ ಪರೀಕ್ಷೆಯನ್ನು ಒಂದು ದಿನ ಮುಂದಕ್ಕೆ ಹಾಕಿಕೊಂಡರಾಯಿತು.

ಎಲೆ ಎತ್ತಿದ ಮಾತ್ರಕ್ಕೆ ಊಟ ಮುಗಿಯುವುದಿಲ್ಲ. ಬಡಿಸಿದವರೂ ಉಂಡವರೂ ಮಲಗಿ ನಿದ್ದೆ ಹೋದ ಮೇಲೆಯೂ ಕರುಳಿನ ಕೋಶಗಳು ಆ ಎರಡು ಮಿಳ್ಳೆ ತುಪ್ಪದ ಲೆಕ್ಕ ನೋಡುತ್ತ ಕುಳಿತಿರುತ್ತವೆ. ಮುಂದಿನ ಪಂಕ್ತಿಯಲ್ಲಿ ಕೈ ಅಡ್ಡ ಹಿಡಿಯುವಾಗ ಅವುಗಳನ್ನೂ ಒಂದಿಷ್ಟು ನೆನೆಯಬಹುದು.